ಕನ್ನಡನಾಡಿನ ಕಥೋಲಿಕರ ಗೃಹಪ್ರಾರ್ಥನೆಯೂ ಗುರುಪರಂಪರೆಯೂ

೧

ಒಂದು ಧರ್ಮಸಮಾಜದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅದರ ಮಂದಿರಗಳು ಎದ್ದ ವರ್ಷಗಳನ್ನೂ ಪೀಠಾಧಿಪತಿಗಳ ಹೆಸರುಗಳನ್ನೂ ಮೊದಲು ಅರಸುತ್ತಾರೆ. ಇವೆರಡೂ ಬೇಕಾದುವೇ ಸರಿ. ಆದರೆ ದೀಪ ಹಚ್ಚುವ ಹೊತ್ತಿನಲ್ಲಿ ಒಂದು ಮನೆಯವರೆಲ್ಲರೂ ಗೋಡೆಯ ಮೇಲಿನ ಶಿಲುಬೆಯ ಮುಂದೆ ಮೊಣಕಾಲೂರಿ ಏನನ್ನು ಬೇಡಿಕೊಂಡರೆಂಬುದು ಯಾವ ದಫ್ತರದಲ್ಲಿಯೂ ಬರೆದಿಡಲ್ಪಡುವುದಿಲ್ಲ. ಕನ್ನಡನಾಡಿನ ಕಥೋಲಿಕರ ವಿಷಯದಲ್ಲಿ ಹೀಗೆ ಬರವಣಿಗೆಗೆ ಸಿಕ್ಕದೆ ಉಳಿದ ಭಾಗವೇ ಮಿಕ್ಕ ಚರಿತ್ರೆಗೆಲ್ಲ ಬುನಾದಿಯಾಗಿದೆ. ಏಕೆಂದರೆ ಈ ನಾಡಿನಲ್ಲಿ ಗುರುಗಳಿಲ್ಲದೆ ಸಮಾಜವು ಉಳಿದ ಕಾಲವುಂಟು. ಮನೆಗಳಿಲ್ಲದೆ ಉಳಿದ ಕಾಲವಿಲ್ಲ.

ಬೆಂಗಳೂರಿನಿಂದ ದಕ್ಷಿಣಾಭಿಮುಖವಾಗಿ ಬನಶಂಕರಿ, ಸಾರಕ್ಕಿಗಳನ್ನು ದಾಟಿ ಜರಗನಹಳ್ಳಿಯ ಮೂಲಕ ಸಾಗುವ ಕನಕಪುರದ ರಸ್ತೆಯು ಈ ಮಾತಿಗೆ ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ಉತ್ತರಹಳ್ಳಿ ಹೋಬಳಿಗೆ ಸೇರಿದ ಜರಗನಹಳ್ಳಿಯು ಬಹುಕಾಲ ಹೊಲಗದ್ದೆಗಳ ಊರಾಗಿದ್ದು, ನಗರವು ಬೆಳೆದಂತೆ ಅದರ ಹೊಟ್ಟೆಯೊಳಕ್ಕೆ ಸೇರಿಹೋಯಿತು. ಅಲ್ಲಿಂದ ಅದೇ ದಾರಿಯಲ್ಲಿ ಮುಂದುವರಿದರೆ ತಾತಗುಣಿಯ ಬಳಿ ಕಥೋಲಿಕರ ಮರಿಯಾಪುರವು ದೊರೆಯುತ್ತದೆ. ಇನ್ನೂ ಮುಂದೆ ಕನಕಪುರದ ಸೀಮೆಯಲ್ಲಿ ಹಾರೋಬೆಲೆ ಎಂಬ ಗ್ರಾಮವಿದೆ. ಹಾರೋಬೆಲೆಯಲ್ಲಿ ನೆಲೆಸಿರುವವರು ಬಹುತೇಕವಾಗಿ ಕಥೋಲಿಕ ಒಕ್ಕಲು ಮಕ್ಕಳು. ಶುಭ ಶುಕ್ರವಾರದ ಕಾಲಕ್ಕೆ ಯೇಸುಸ್ವಾಮಿಯ ಪಾಡುಮರಣಗಳ ನಾಟಕವನ್ನು ಆ ಊರಿನವರೇ ವೇಷಕಟ್ಟಿ, ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಆಡುತ್ತ ಬಂದಿದ್ದಾರೆ. ತಮ್ಮ ಪೂರ್ವಜರ ಧರ್ಮದ ಮೂಲವನ್ನು ಅವರು ಹದಿನೇಳನೆಯ ಶತಮಾನದ ಯೇಸುಸಭೆಯ ಗುರುಗಳ ಕಾಲದಷ್ಟು ಹಿಂದಕ್ಕೆ ಒಯ್ಯುತ್ತಾರೆ. ಅಂದಿನಿಂದ ಇಂದಿನವರೆಗಿನ ಸುಮಾರು ಮೂರೂವರೆ ಶತಮಾನಗಳ ಅವಧಿಯಲ್ಲಿ ಗುರುಗಳು ಬಂದರು, ಹೋದರು, ಕೆಲವು ಕಾಲ ಬರದೆಯೇ ಇದ್ದರು. ಊರು ಮಾತ್ರ ಪ್ರಾರ್ಥನೆಯನ್ನು ಬಿಡಲಿಲ್ಲ. ಇದು ಹೇಗಾಯಿತು, ಪ್ರಾರ್ಥಿಸುತ್ತಿದ್ದ ಆ ಮನೆಗಳೇ ಮುಂದೆ ಗುರುಗಳನ್ನು ಬೇಡುವ ಮನೆಗಳೂ, ಕೊಡುವ ಮನೆಗಳೂ ಹೇಗಾದುವು ಎಂಬುದೇ ಇಲ್ಲಿಯ ವಿಚಾರ.

೨

ಮೈಸೂರು ಸೀಮೆಯಲ್ಲಿ ಯೇಸುಸಭೆಯ ಪ್ರಚಾರಕಾರ್ಯವು ಇಟಲಿ ದೇಶದ ಲಿಯೊನಾರ್ಡೊ ಚಿನ್ನಾಮಿ ಎಂಬ ಗುರುವಿನಿಂದ ಕ್ರಿ. ಶ. ೧೬೪೮ರ ಸುಮಾರಿಗೆ ಶ್ರೀರಂಗಪಟ್ಟಣದಲ್ಲಿ ಆರಂಭವಾಯಿತು. ಆಗ ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದರು. ಚಿನ್ನಾಮಿಯವರು ಕನ್ನಡವನ್ನು ಕಲಿತು ಆ ಭಾಷೆಯಲ್ಲಿ ಧರ್ಮಬೋಧೆಯ ಪುಸ್ತಕವನ್ನು ರಚಿಸಿದರು, ವ್ಯಾಕರಣಕ್ಕೂ ಕೈಹಾಕಿದರು. ದೂರದೇಶದಿಂದ ಬಂದ ಗುರುವು ಮೊದಲು ಮಾಡಿದ ಕೆಲಸ ಜನರ ಮಾತನ್ನು ಕಲಿತದ್ದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಸೀಮೆಯು ವಿಶಾಲ, ಗುರುಗಳು ಬೆರಳೆಣಿಕೆಯವರು. ಒಬ್ಬ ಗುರುವು ಊರಿಂದೂರಿಗೆ ನಡೆದು ಪಾಪನಿವೇದನೆಗಳನ್ನು ಕೇಳಿ, ಬಲಿಪೂಜೆಯನ್ನು ಅರ್ಪಿಸಿ, ಮದುವೆಗಳನ್ನು ಆಶೀರ್ವದಿಸಿ ಮುಂದಿನ ಊರಿಗೆ ಹೊರಟರೆ ಮತ್ತೆ ಬರುವುದಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದುವು. ನಡುವಿನ ಆ ಕಾಲವನ್ನೆಲ್ಲ ತುಂಬುತ್ತಿದ್ದವನು ಉಪದೇಶಿ. ಇವನು ಗುರುವಲ್ಲ; ಹೆಂಡಿರು ಮಕ್ಕಳುಳ್ಳ ಗೃಹಸ್ಥ. ಜಪಗಳನ್ನು ಹೇಳಿಕೊಡುವುದು, ಭಾನುವಾರ ಜನರನ್ನು ಕೂಡಿಸಿ ಜಪಸರವನ್ನು ನಡೆಸುವುದು, ಸಾಯುವವರ ಬಳಿ ಕುಳಿತು ಪ್ರಾರ್ಥಿಸುವುದು ಇವು ಅವನ ಪಾಲಿನ ಕೆಲಸಗಳು. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಇದಕ್ಕೆ ಸಮೀಪವಾದ ಸ್ಥಾನ ಗುರ್ಕಾರನದು. ವಾಡೆಗೊಬ್ಬನಂತೆ ನೇಮಕವಾಗುತ್ತಿದ್ದ ಈ ಹಿರಿಯನು ತನ್ನ ವಾಡೆಯ ಮನೆಗಳ ಧಾರ್ಮಿಕ ಜೀವನಕ್ಕೆ ಹೊಣೆಗಾರನಾಗಿದ್ದನು. ಮನೆಮನೆಯಲ್ಲಿಯೂ ಸಂಜೆಯ ಜಪಸರವು, ಅವರ ನುಡಿಯಲ್ಲಿ ‘ತೇರ್ಸ್’, ಊಟಕ್ಕೆ ಮುಂಚೆ ನಡೆಯುತ್ತಿತ್ತು. ಅದು ಮುಗಿದೊಡನೆ ಕಿರಿಯರು ಹಿರಿಯರ ಬಳಿಗೆ ಹೋಗಿ ಕೈಜೋಡಿಸಿ ಆಶೀರ್ವಾದವನ್ನು ಬೇಡುವುದು ವಾಡಿಕೆ. ನೋಡುವುದಕ್ಕೆ ಇದು ಒಂದು ಮನೆಯ ಆಚಾರವಷ್ಟೆ. ಆದರೆ ಕೇಡುಗಾಲ ಬಂದಾಗ ಈ ಆಚಾರವೇ ಸಮಾಜದ ಪಾಲಿಗೆ ಉಳಿದ ಏಕಮಾತ್ರ ಮಂದಿರವಾಯಿತು.

೩

ಆ ಕಾಲವು ಎರಡು ಕಡೆಯಿಂದ ಬಂದಿತು. ಪೋರ್ಚುಗಲ್ ರಾಜ್ಯವು ೧೭೫೯ರಲ್ಲಿ ಯೇಸುಸಭೆಯವರನ್ನು ತನ್ನ ಸೀಮೆಗಳಿಂದ ಹೊರಹಾಕಿದುದರಿಂದ ಗೋವೆಯ ಆಶ್ರಯವು ಮೈಸೂರಿನ ಮಿಷನ್ನಿಗೆ ತಪ್ಪಿಹೋಯಿತು. ೧೭೭೩ರಲ್ಲಿ ಹದಿನಾಲ್ಕನೆಯ ಕ್ಲೆಮೆಂಟ್ ಪೋಪರು ಆ ಸಭೆಯನ್ನೇ ರದ್ದುಮಾಡಿದರು. ಇದ್ದ ಗುರುಗಳು ಮುದುಕರಾದರು, ಸತ್ತವರ ಸ್ಥಾನಕ್ಕೆ ಹೊಸಬರು ಬರಲಿಲ್ಲ.

ಇದರ ಮೇಲೆ ಯುದ್ಧವು ಬಂದಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪವನ್ನು ಹೊರಿಸಿ ಟೀಪೂ ಸುಲ್ತಾನನು ೧೭೮೪ರ ಫೆಬ್ರವರಿಯಲ್ಲಿ, ತಪಸ್ಸುಕಾಲವು ಮೊದಲಾಗುವ ವಿಭೂತಿ ಬುಧವಾರದ ಸುಮಾರಿಗೆ, ಕನ್ನಡ ಜಿಲ್ಲೆಯ ಕಥೋಲಿಕರನ್ನು ಹಿಡಿಸಿ ಘಟ್ಟದ ಮೇಲಣ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹೀಗೆ ಸಾಗಿಸಲ್ಪಟ್ಟವರ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ವಿಧವಾಗಿ, ೩೦,೦೦೦ದಿಂದ ೮೦,೦೦೦ದವರೆಗೂ ಹೇಳುತ್ತಾರೆ. ಗುರುಗಳನ್ನು ಗೋವೆಯ ಕಡೆಗೆ ಅಟ್ಟಲಾಯಿತು, ಇಗರ್ಜಿಗಳು ನೆಲಸಮವಾದುವು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಬಲವಂತದಿಂದ ಮತಾಂತರಗೊಂಡವರೂ ಅನೇಕರು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಉಳಿದವರು ಬಿಡುಗಡೆಯಾಗುವವರೆಗಿನ ಹದಿನೈದು ವರ್ಷಗಳು ಒಂದು ತಲೆಮಾರು ಹುಟ್ಟಿ ಬೆಳೆಯುವಷ್ಟು ಕಾಲ. ಸೆರೆಗೆ ಹೋಗುವಾಗ ಮೂರು ವರ್ಷದ್ದಾಗಿದ್ದ ಮಗು ಹಿಂದಿರುಗುವಾಗ ಹದಿನೆಂಟರ ಪ್ರಾಯಕ್ಕೆ ಬಂದಿತ್ತು. ಆ ಮಗುವಿಗೆ ಜಪವನ್ನು ಹೇಳಿಕೊಟ್ಟವರು ಗುರುಗಳಲ್ಲ. ತಾಯಿ, ಅಜ್ಜಿ, ಅಥವಾ ಬದುಕಿ ಉಳಿದ ಯಾರೋ ಒಬ್ಬ ಹಿರಿಯರು. ಬಿಡುಗಡೆಯಾದವರಲ್ಲಿ ಬಹುಮಂದಿ ತಮ್ಮ ಹಳೆಯ ಊರುಗಳಿಗೆ ಹಿಂದಿರುಗಿ, ಬಿದ್ದ ಇಗರ್ಜಿಗಳನ್ನು ಮತ್ತೆ ಎತ್ತಿದರೆಂಬುದೇ ಆ ಮನೆಪಾಠದ ಫಲಕ್ಕೆ ಸಾಕ್ಷಿ.

೪

ಗುರುವಿಲ್ಲದ ಮನೆಯು ಏನೇನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ಇಲ್ಲಿ ಸ್ವಲ್ಪ ವಿವೇಚಿಸಬೇಕು. ಇಲ್ಲವಾದರೆ ಗುರುಗಳಿಗಾಗಿ ಈ ಜನರು ಅಷ್ಟೊಂದು ಹಂಬಲಿಸಿದುದು ಏಕೆಂಬುದು ಬೇರೆಯ ಮತದ ವಾಚಕರಿಗೆ ತಿಳಿಯದು. ಕಥೋಲಿಕ ಧರ್ಮಶಾಸ್ತ್ರದ ಪ್ರಕಾರ ಅವಶ್ಯಕತೆಯುಂಟಾದಾಗ ಯಾವ ಗೃಹಸ್ಥನಾದರೂ ಮಗುವಿಗೆ ಜ್ಞಾನಸ್ನಾನವನ್ನು ಕೊಡಬಹುದು. ಮದುವೆಯೆಂಬ ಸಂಸ್ಕಾರವನ್ನು ವಧೂವರರೇ ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವರೆಂದು ಶಾಸ್ತ್ರವು ಹೇಳುವುದರಿಂದ, ಗುರುವು ದೊರೆಯುವುದೇ ಅಸಾಧ್ಯವಾದ ಕಡೆ ಸಾಕ್ಷಿಗಳ ಎದುರಿಗೆ ಅದೂ ನಡೆಯಬಹುದು. ಜಪಸರವನ್ನು ಹೇಳಬಹುದು, ಉಪವಾಸವನ್ನು ಹಿಡಿಯಬಹುದು, ಸತ್ತವರನ್ನು ಪ್ರಾರ್ಥನೆಯೊಡನೆ ಹೂಳಬಹುದು. ಆದರೆ ಬಲಿಪೂಜೆಯನ್ನು ಅರ್ಪಿಸಲಾರರು. ಪಾಪನಿವೇದನೆಯನ್ನು ಕೇಳಿ ಕ್ಷಮೆಯನ್ನು ಕೊಡಲಾರರು. ಮನೆಯು ಧರ್ಮವನ್ನು ಕಾಪಾಡಿಕೊಳ್ಳಬಲ್ಲುದು, ಪೂರ್ಣಮಾಡಿಕೊಳ್ಳಲಾರದು. ಆದುದರಿಂದಲೇ ಗುರುವಿಲ್ಲದ ಮನೆಯ ಪ್ರಾರ್ಥನೆಯಲ್ಲಿ ಗುರುವಿಗಾಗಿ ಬೇಡಿಕೆಯು ತಾನೇ ತಾನಾಗಿ ಹುಟ್ಟಿಕೊಳ್ಳುತ್ತದೆ. ಬೆಳೆಯು ಹೇರಳವಾಗಿದ್ದು ಕೊಯ್ಯುವವರು ಕಡಮೆಯಾದಾಗ ಹೊಲದ ಒಡೆಯನನ್ನೇ ಬೇಡಿಕೊಳ್ಳಬೇಕೆಂಬ ಸುವಾರ್ತೆಯ ಉಪದೇಶವು ಒಕ್ಕಲಿಗರ ಊರುಗಳಲ್ಲಿ ಯಾವ ವ್ಯಾಖ್ಯಾನವೂ ಇಲ್ಲದೆ ಅರ್ಥವಾಗುವಂತಹದು.

ಈ ಅನುಭವವು ಕನ್ನಡನಾಡಿಗೆ ಮಾತ್ರವೇ ಮೀಸಲಾದುದಲ್ಲ. ಕೊರಿಯಾದೇಶದಲ್ಲಿ ಕ್ರೈಸ್ತಸಮಾಜವನ್ನು ಮೊದಲು ಕಟ್ಟಿದವರೇ ಗೃಹಸ್ಥರು. ಕನ್ನಡ ಜಿಲ್ಲೆಯವರು ಸೆರೆಹೋದ ಅದೇ ೧೭೮೪ರಲ್ಲಿ ಅಲ್ಲಿಯ ಪಂಡಿತನೊಬ್ಬನು ಪೀಕಿಂಗಿನಲ್ಲಿ ಜ್ಞಾನಸ್ನಾನವನ್ನು ಪಡೆದು ಹಿಂದಿರುಗಿ ತನ್ನ ಗೆಳೆಯರನ್ನು ಕೂಡಿಸಿಕೊಂಡನು. ತಿಳಿವಳಿಕೆ ಸಾಲದೆ ಅವರು ಕೆಲವು ಕಾಲ ತಾವೇ ಗುರುಗಳ ಕೆಲಸಗಳನ್ನು ನಡೆಸಿ, ಅದು ಸಲ್ಲದೆಂದು ತಿಳಿದ ಕೂಡಲೇ ನಿಲ್ಲಿಸಿಬಿಟ್ಟರು. ಗುರುಗಳನ್ನು ಕಳುಹಿಸಬೇಕೆಂದು ೧೮೧೧ರಲ್ಲಿ ಪೋಪರಿಗೇ ಬಿನ್ನವತ್ತಳೆಯನ್ನು ಬರೆದರು. ಜಪಾನಿನ ನಾಗಸಾಕಿಯ ಸುತ್ತಲಿನ ಕ್ರೈಸ್ತರು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಒಬ್ಬ ಗುರುವಿನ ಮುಖವನ್ನೂ ಕಾಣದೆ, ಜ್ಞಾನಸ್ನಾನವನ್ನೂ ಜಪಗಳನ್ನೂ ಮನೆಗಳೊಳಗೆ ಗುಟ್ಟಾಗಿ ಉಳಿಸಿಕೊಂಡಿದ್ದು, ೧೮೬೫ರಲ್ಲಿ ಫ್ರೆಂಚ್ ಗುರುವಾದ ಪೆತಿಜಾನರ ಮುಂದೆ ಬಂದು ತಮ್ಮನ್ನು ತಿಳಿಯಪಡಿಸಿದರು. ಈ ಪೆತಿಜಾನರು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘಕ್ಕೆ ಸೇರಿದವರು. ಮೈಸೂರಿನ ಚದುರಿದ ಕಥೋಲಿಕರನ್ನು ಮತ್ತೆ ಒಂದುಗೂಡಿಸಿದವರೂ ಅದೇ ಸಂಘದವರು.

೫

ಶ್ರೀರಂಗಪಟ್ಟಣವು ಬಿದ್ದ ತರುವಾಯ ಅಲ್ಲಿಯ ಕ್ರೈಸ್ತರನ್ನು ನೋಡಿಕೊಳ್ಳಲು ಬಂದವರು ಅಬೆ ದ್ಯುಬ್ವಾ. ಇವರು ೧೭೯೨ರಲ್ಲಿ ಭಾರತಕ್ಕೆ ಬಂದು ೧೮೨೩ರವರೆಗೆ ಇಲ್ಲಿದ್ದರು. ದೇಶೀಯರಂತೆ ಉಡುಪನ್ನು ಧರಿಸಿ, ಮಾಂಸಾಹಾರವನ್ನು ತೊರೆದು, ಊರೂರು ಅಲೆಯುತ್ತಿದ್ದ ಇವರನ್ನು ಮೈಸೂರಿನ ಜನರು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಾಸನದ ಸೀಮೆಯ ಸಟ್ಟಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದರು. ಸಿಡುಬಿನ ದೇವಿ ಹಾಕುವ ಕಾರ್ಯವನ್ನು ಹಬ್ಬಿಸಿದರು. ಇಷ್ಟು ಮಾಡಿದವರಾದರೂ ಹಿಂದಿರುಗುವ ಹೊತ್ತಿಗೆ ಅವರ ಮನಸ್ಸು ಬಾಡಿಹೋಗಿತ್ತು. ಭಾರತದಲ್ಲಿ ಕ್ರೈಸ್ತಧರ್ಮವು ಬೇರೂರುವ ಆಸೆಯಿಲ್ಲವೆಂಬ ಅರ್ಥದ ಪತ್ರಗಳನ್ನು ಅವರು ೧೮೨೩ರಲ್ಲಿ ಅಚ್ಚುಮಾಡಿಸಿದರು.

ದ್ಯುಬ್ವಾ ಅವರು ಲೆಕ್ಕಹಾಕಿದುದು ಹೊಸದಾಗಿ ಬಂದು ಸೇರುವವರನ್ನು. ಈಗಾಗಲೇ ಇದ್ದ ಮನೆಗಳು ಏನನ್ನು ಕೊಡಬಲ್ಲುವು ಎಂಬುದು ಆ ಲೆಕ್ಕಕ್ಕೆ ಬರಲಿಲ್ಲ. ಅವರ ಸಂಘವಾದರೋ ೧೬೫೮ರಲ್ಲಿ ಹುಟ್ಟಿದುದೇ ದೇಶೀಯರನ್ನು ಗುರುಪಟ್ಟಕ್ಕೆ ಸಿದ್ಧಪಡಿಸುವ ಉದ್ದೇಶದಿಂದ. ಮಧ್ಯೆ ಮಸುಳಿದ್ದ ಈ ಉದ್ದೇಶವು ೧೮೪೪ರಲ್ಲಿ ಪುದುಚೇರಿಯಲ್ಲಿ ಸೇರಿದ ಸಭೆಯಲ್ಲಿ ಮತ್ತೆ ಮೊದಲನೆಯ ಸ್ಥಾನಕ್ಕೆ ಬಂದಿತು. ಮರುವರ್ಷವೇ ರೋಮಾಪುರಿಯಿಂದಲೂ ಅದೇ ಅಭಿಪ್ರಾಯದ ಆಜ್ಞಾಪತ್ರವು ಹೊರಟಿತು. ಮೈಸೂರು ಮಿಷನ್ನು ೧೮೫೦ರಲ್ಲಿ ಪುದುಚೇರಿಯಿಂದ ಬೇರ್ಪಟ್ಟು ಶಾರ್ಬೊನೊ ಅವರ ಆಡಳಿತಕ್ಕೆ ಬಂದಿತು. ೧೮೭೩ರಲ್ಲಿ ಕಾಲವಾಗುವವರೆಗೂ ಅವರು ಅದನ್ನು ನಡೆಸಿದರು. ಆ ಕಾಲದಲ್ಲಿಯೇ, ೧೮೫೫ರಲ್ಲಿ, ಕನ್ನಡ ಲ್ಯಾಟಿನ್ ನಿಘಂಟು ಬೆಂಗಳೂರಿನಲ್ಲಿ ಮುದ್ರಣವಾಯಿತು. ಲ್ಯಾಟಿನ್ನಿನಲ್ಲಿ ಓದಬೇಕಾದ ಕನ್ನಡದ ಹುಡುಗನಿಗೂ ಕನ್ನಡದಲ್ಲಿ ಬೋಧಿಸಬೇಕಾದ ಫ್ರಾನ್ಸಿನ ಗುರುವಿಗೂ ಅಂತಹ ಗ್ರಂಥವು ಸೇತುವೆಯಂತೆ ಒದಗುವುದು.

ಮಂಗಳೂರಿನಲ್ಲಿ ಯೇಸುಸಭೆಯವರು ಮರಳಿ ಬಂದು ೧೮೭೯ರಲ್ಲಿ ಗುರುಮಠವನ್ನು ತೆರೆದರು. ಮುಂದೆ ಅದು ಜೆಪ್ಪುವಿನಲ್ಲಿ ನೆಲೆಸಿತು. ಹದಿಮೂರನೆಯ ಲಿಯೊ ಪೋಪರು ೧೮೮೬ರಲ್ಲಿ ಮೈಸೂರನ್ನು ಧರ್ಮಪ್ರಾಂತ್ಯವನ್ನಾಗಿ ಮಾಡಿ, ೧೮೯೩ರಲ್ಲಿ ಭಾರತದ ಗುರುಮಠಗಳನ್ನು ಕುರಿತೇ ಒಂದು ಪರಿಪತ್ರವನ್ನು ಹೊರಡಿಸಿದರು. ಭಾರತದ ಉದ್ಧಾರವು ಭಾರತದ ಮಕ್ಕಳಿಂದಲೇ ಆಗಬೇಕೆಂಬುದು ಅವರ ಆಶಯವಾಗಿತ್ತು. ೧೭೭೮ರಲ್ಲಿ ಪುದುಚೇರಿಯಲ್ಲಿ ಆರಂಭವಾಗಿದ್ದ ಗುರುಮಠವು ೧೯೩೪ರಲ್ಲಿ ಬೆಂಗಳೂರಿಗೆ ಬಂದು ಮಲ್ಲೇಶ್ವರದ ಸಂತ ಪೇತ್ರರ ಗುರುಮಠವೆಂದು ಪ್ರಸಿದ್ಧವಾಯಿತು. ೧೯೪೦ರಲ್ಲಿ ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ೧೯೪೨ರಲ್ಲಿ ಥಾಮಸ್ ಪೋತಕಮೂರಿಯವರು ಅದರ ಮೊದಲನೆಯ ಭಾರತೀಯ ಧರ್ಮಾಧ್ಯಕ್ಷರಾದರು. ಶಾರ್ಬೊನೊ ಅವರ ಕಾಲದಿಂದ ಆ ಪೀಠವು ಫ್ರೆಂಚರ ಕೈಯಲ್ಲಿಯೇ ಇದ್ದಿತೆಂಬುದನ್ನು ನೆನೆದರೆ ಈ ಬದಲಾವಣೆಯ ತೂಕವು ತಿಳಿಯುತ್ತದೆ.

೬

ಗುರುಮಠವನ್ನು ಧರ್ಮಾಧ್ಯಕ್ಷರು ಕಟ್ಟಿಸಬಹುದು. ಅದರೊಳಕ್ಕೆ ಹುಡುಗರು ಬರಬೇಕಾದುದು ಮನೆಗಳಿಂದ. ಈ ತಥ್ಯವನ್ನು ಮೊದಲು ಮನಗಂಡವರಲ್ಲಿ ಹೆಂಗಸರು ಅನೇಕರು. ಉತ್ತರ ಇಟಲಿಯ ಲೂ ಎಂಬ ಸಣ್ಣ ಊರಿನ ತಾಯಂದಿರು ೧೮೮೧ರಿಂದ ಮಂಗಳವಾರಗಳಲ್ಲಿ ಕೂಡಿ, ತಮ್ಮ ಮಕ್ಕಳಲ್ಲಿ ಗುರುಗಳೂ ಕನ್ಯಾಸ್ತ್ರೀಯರೂ ಆಗಬೇಕೆಂದು ಪ್ರಾರ್ಥಿಸತೊಡಗಿದರು. ಮುಂದಿನ ಕಾಲದಲ್ಲಿ ಆ ಒಂದೇ ಊರಿನಿಂದ ೩೨೩ ಮಂದಿ ಅಂತಹ ಜೀವನಕ್ಕೆ ಹೋದರೆಂದು ಹೇಳಲಾಗುತ್ತದೆ. ಫ್ರಾನ್ಸಿನ ಕಾಂ ಪಟ್ಟಣದ ಸ್ಟೆಫನಿ ಬಿಗಾರ್ ಮತ್ತು ಅವಳ ಮಗಳು ಜಾನ್ ಬಿಗಾರ್ ಎಂಬವರು ೧೮೮೯ರಲ್ಲಿ ಸಂತ ಪೇತ್ರರ ಹೆಸರಿನ ಸಂಘವೊಂದನ್ನು ಆರಂಭಿಸಿದರು. ಹಣವಿಲ್ಲದೆ ಗುರುಮಠಕ್ಕೆ ಬಂದ ಹುಡುಗರನ್ನು ಹಿಂದಕ್ಕೆ ಕಳುಹಿಸಬೇಕಾಗಿದೆಯೆಂದು ನಾಗಸಾಕಿಯ ಧರ್ಮಾಧ್ಯಕ್ಷರು ಬರೆದ ಕಾಗದವೇ ಅದಕ್ಕೆ ಪ್ರೇರಣೆ. ಯಾವ ಊರಿನಲ್ಲಿ ಮನೆಗಳು ಗುರುವಿಲ್ಲದೆ ಧರ್ಮವನ್ನು ಉಳಿಸಿಕೊಂಡಿದ್ದುವೋ ಅದೇ ಊರು ಕಾಲು ಶತಮಾನ ಕಳೆಯುವುದರೊಳಗಾಗಿ ಗುರುಪಟ್ಟಕ್ಕೆ ಹುಡುಗರನ್ನು ಕೊಡುತ್ತಿತ್ತು. ಏಷ್ಯಾ ಆಫ್ರಿಕಗಳ ಗುರುಮಠಗಳಿಗೆ ಪ್ರಾರ್ಥನೆಯನ್ನೂ ಕಾಣಿಕೆಯನ್ನೂ ಕೂಡಿಸುವ ಈ ಸಂಘವು ೧೯೨೨ರಲ್ಲಿ ಪೋಪರ ಅಧೀನ ಸಂಸ್ಥೆಯಾಯಿತು.

ಮನೆಗಳ ಪ್ರಾರ್ಥನೆಗೂ ಇದೇ ಕಾಲದಲ್ಲಿ ಹೊಸ ಚೈತನ್ಯವು ಬಂದಿತು. ಅಕ್ಟೋಬರ್ ತಿಂಗಳನ್ನು ಜಪಸರಕ್ಕೆ ಮೀಸಲಿಡಬೇಕೆಂದು ಲಿಯೊ ಪೋಪರು ೧೮೮೩ರಲ್ಲಿ ಸಾರಿದರು. ೧೮೯೨ರಲ್ಲಿ ಪವಿತ್ರ ಕುಟುಂಬದ ಸಂಘಕ್ಕೆ ನಿಯಮಗಳನ್ನು ಕೊಟ್ಟು, ಮನೆಯವರೆಲ್ಲರೂ ದಿನಕ್ಕೊಮ್ಮೆಯಾದರೂ ಕೂಡಿ ಪ್ರಾರ್ಥಿಸುವುದನ್ನು ಪ್ರೋತ್ಸಾಹಿಸಿದರು. ಹನ್ನೊಂದನೆಯ ಪಯಸ್ ಪೋಪರು ೧೯೩೫ರಲ್ಲಿ ಗುರುಪಟ್ಟವನ್ನು ಕುರಿತ ಪರಿಪತ್ರದೊಡನೆ, ನಿತ್ಯ ಯಾಜಕನಾದ ಕ್ರಿಸ್ತನ ಪೂಜೆಯನ್ನು ಗುರುವಾರಗಳಂದು ಅರ್ಪಿಸಲು ಅನುಮತಿಯಿತ್ತರು. ಕ್ರಿಸ್ತನು ಶಿಷ್ಯರೊಡನೆ ಕಡೆಯ ಭೋಜನವನ್ನು ಮಾಡಿದುದು ಗುರುವಾರವಾದುದರಿಂದ ಗುರುಗಳಿಗಾಗಿ ಪ್ರಾರ್ಥಿಸಲು ಆ ದಿನವೇ ತಕ್ಕುದೆಂಬ ಭಾವನೆಯು ಬೆಳೆಯಿತು. ಕುಟುಂಬದ ಜಪಸರವನ್ನೇ ತನ್ನ ಜೀವನದ ಕೆಲಸವನ್ನಾಗಿ ಮಾಡಿಕೊಂಡ ಪ್ಯಾಟ್ರಿಕ್ ಪೇಟನ್ ಎಂಬ ಗುರುವು ೧೯೫೪-೫೫ರಲ್ಲಿ ಭಾರತದಲ್ಲಿಯೂ ಸಂಚರಿಸಿ ಬೃಹತ್ಸಭೆಗಳನ್ನು ನಡೆಸಿದರು. ಗುರುಗಳ ಕರೆಗಾಗಿ ಪ್ರಪಂಚವೆಲ್ಲವೂ ಒಂದೇ ದಿನ ಪ್ರಾರ್ಥಿಸುವ ಪದ್ಧತಿಯು ೧೯೬೪ರ ಏಪ್ರಿಲ್ ೧೨ರಂದು ಆರಂಭವಾಯಿತು.

೭

ಇಷ್ಟಾದರೂ ಈ ಪ್ರಾರ್ಥನೆಯಲ್ಲಿ ಒಂದು ಕಾಠಿಣ್ಯವುಂಟು. ಮಳೆಗಾಗಿ ಪ್ರಾರ್ಥಿಸುವವನು ಮಳೆ ಬಂದರೆ ಸಂತೋಷಪಡುತ್ತಾನೆ. ಅದರಿಂದ ಅವನು ಕಳೆದುಕೊಳ್ಳುವುದು ಏನೂ ಇಲ್ಲ. ಗುರುಗಳಿಗಾಗಿ ಪ್ರಾರ್ಥಿಸುವ ತಾಯಿತಂದೆಗಳಿಗಾದರೋ ಪ್ರಾರ್ಥನೆಯು ಫಲಿಸುವುದೆಂದರೆ ತಮ್ಮ ಮಗನೇ ಮನೆಯನ್ನು ಬಿಟ್ಟುಹೋಗುವುದಾಗಬಹುದು. ಹೊಲಕ್ಕೆ ಗೇಯುವ ಕೈ ಒಂದು ಕಡಮೆಯಾಗುತ್ತದೆ. ಮುಪ್ಪಿನಲ್ಲಿ ಊರುಗೋಲಾಗಬೇಕಾದವನು ಪರರ ಊರುಗಳಲ್ಲಿ ಇರುತ್ತಾನೆ. ಒಬ್ಬನೇ ಮಗನಾದರೆ ವಂಶವೇ ಅಲ್ಲಿಗೆ ನಿಲ್ಲುತ್ತದೆ. ಮಗನಿಂದಲೇ ಕುಲವು ಬೆಳೆಯಬೇಕೆಂದು ನಂಬಿದ ನಾಡಿನಲ್ಲಿ ಇದು ಸಣ್ಣ ತ್ಯಾಗವಲ್ಲ.

ಈ ಸಂಕಟವು ಕ್ರೈಸ್ತರಿಗೆ ಮಾತ್ರವೇ ಬಂದುದಲ್ಲ. ಸಂನ್ಯಾಸಕ್ಕೆ ಒಪ್ಪದಿದ್ದ ಆರ್ಯಾಂಬೆಯು ಮೊಸಳೆಯ ಬಾಯಿಗೆ ಸಿಕ್ಕಿದ ಮಗನನ್ನು ಕಂಡು ಒಪ್ಪಿದಳೆಂಬ ಶಂಕರಾಚಾರ್ಯರ ಕಥೆಯನ್ನು ಕೇಳದವರಾರು? ಬೌದ್ಧಸಂಘದಲ್ಲಿಯೂ ತಾಯಿತಂದೆಗಳ ಅಪ್ಪಣೆಯಿಲ್ಲದೆ ಮಗನಿಗೆ ಪ್ರವ್ರಜ್ಯೆಯನ್ನು ಕೊಡಬಾರದೆಂಬ ನಿಯಮವಿದೆ. ಬೈಬಲಿನ ಹನ್ನಳಾದರೋ ಮಕ್ಕಳಿಲ್ಲದೆ ಅತ್ತು ಬೇಡಿ ಪಡೆದ ಸಮುವೇಲನನ್ನೇ ದೇವಾಲಯಕ್ಕೆ ಒಪ್ಪಿಸಿದಳು. ಈ ಮೂರು ಕಡೆಯಲ್ಲಿಯೂ ಕರೆಯು ಮಗನಿಗೆ ಬಂದರೂ ಅದರ ಭಾರವನ್ನು ಹೊರುವವರು ಮನೆಯವರು. ಆದುದರಿಂದ ಗುರುಗಳಿಗಾಗಿಯೂ ಕುಟುಂಬಗಳಿಗಾಗಿಯೂ ಒಂದೇ ಕೂಟದಲ್ಲಿ ಪ್ರಾರ್ಥಿಸುವುದು ಎರಡು ಬೇಡಿಕೆಗಳನ್ನು ಕಟ್ಟಿಹಾಕಿದಂತಲ್ಲ. ಮನೆಯಲ್ಲಿ ಶಾಂತಿಯೂ ಧೈರ್ಯವೂ ಇಲ್ಲದಿದ್ದರೆ ಮಗನನ್ನು ಬಿಟ್ಟುಕೊಡುವ ಮನಸ್ಸು ಬಾರದು. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ ಗುರುಶಿಕ್ಷಣವನ್ನು ಕುರಿತ ತನ್ನ ನಿರ್ಣಯದಲ್ಲಿ, ಕರೆಗಳನ್ನು ಪೋಷಿಸುವ ಹೊಣೆಯು ಇಡೀ ಸಮಾಜದ್ದೆಂದೂ, ಭಕ್ತಿಯುಳ್ಳ ಕುಟುಂಬವೇ ಮೊದಲನೆಯ ಗುರುಮಠವೆಂದೂ ಹೇಳಿತು. ಹಾರೋಬೆಲೆಯ ರೈತನ ಅಜ್ಜಿಗಾಗಲಿ, ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ತಾಯಿಗಾಗಲಿ ಇದು ಹೊಸ ಮಾತಾಗಿ ಕೇಳಿಸುತ್ತಿರಲಿಲ್ಲ.

೮

ಇಂದು ಜರಗನಹಳ್ಳಿಯಂತಹ ಬಡಾವಣೆಗಳಲ್ಲಿ ಕಾಲವು ಬೇರೆಯಾಗಿದೆ. ಬೆಂಗಳೂರು ೧೯೫೩ರಿಂದ ಮಹಾಧರ್ಮಪ್ರಾಂತ್ಯ. ನಗರದಲ್ಲಿ ಗುರುಮಠಗಳಿಗೆ ಕೊರತೆಯಿಲ್ಲ. ಹೊಸೂರು ರಸ್ತೆಯ ಧರ್ಮಾರಾಮವು ೧೯೫೭ರಿಂದ ಇಲ್ಲಿದೆ. ಭಾರತದ ಗುರುಗಳು ಯೂರೋಪಿನ ಧರ್ಮಕೇಂದ್ರಗಳಲ್ಲಿಯೂ ಸೇವೆಮಾಡುತ್ತಿದ್ದಾರೆ. ಗುರುಗಳನ್ನು ಬೇಡಿ ಪಡೆದ ದೇಶವು ಅವರನ್ನು ಕೊಡುವ ದೇಶವಾಗಿದೆ. ಆದರೆ ಮನೆಗಳು ಸಣ್ಣವಾದುವು. ಒಂದೋ ಎರಡೋ ಮಕ್ಕಳು. ಕೆಲಸದಿಂದ ಹಿಂದಿರುಗುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು. ಹಳ್ಳಿಯಲ್ಲಿ ಗಂಟೆಯ ನಾದಕ್ಕೆ ತಾನಾಗಿಯೇ ಕೂಡುತ್ತಿದ್ದ ಸಂಜೆಯ ಜಪವನ್ನು ಇಲ್ಲಿ ನೆರೆಯ ನಾಲ್ಕಾರು ಮನೆಯವರು ದಿನವನ್ನು ಗೊತ್ತುಮಾಡಿಕೊಂಡು ಸರದಿಯ ಮೇಲೆ ಕೂಡಿಸಬೇಕು. ಕನ್ನಡ, ತಮಿಳು, ಕೊಂಕಣಿ, ಮಲೆಯಾಳ ಮಾತಾಡುವವರು ಒಂದೇ ಬೀದಿಯಲ್ಲಿರುವ ನಗರದಲ್ಲಿ ಗುರುವು ಯಾರ ಮಾತಿನಲ್ಲಿ ಬೋಧಿಸಬೇಕೆಂಬ ಪ್ರಶ್ನೆಯೂ ಮೇಲಿಂದ ಮೇಲೆ ಏಳುತ್ತದೆ. ಚಿನ್ನಾಮಿಯವರು ಅದಕ್ಕೆ ತಮ್ಮ ಕಾಲದಲ್ಲಿಯೇ ಒಂದು ಉತ್ತರವನ್ನು ಕೊಟ್ಟಿದ್ದರು. ಬಂದವನು ಊರಿನ ಮಾತನ್ನು ಕಲಿಯಬೇಕು. ಅದಕ್ಕಿಂತ ನೇರವಾದ ಉತ್ತರವು ಊರಿನ ಮನೆಯಿಂದಲೇ ಗುರುವು ಹುಟ್ಟಿಬರುವುದು.

ಗುರುಗಳು ಬೇಕೆನ್ನುವವರು ಬಹುಮಂದಿ. ತಮ್ಮ ಮಗನು ಗುರುವಾಗಲೆನ್ನುವವರು ಕೆಲವರು. ಈ ಎರಡರ ನಡುವಣ ಅಂತರವನ್ನು ದಾಟಿದ ಮನೆಗಳಿಂದಲೇ ಕನ್ನಡನಾಡಿನ ಕಥೋಲಿಕ ಸಮಾಜವು ತನ್ನ ಗುರುಗಳನ್ನು ಪಡೆದಿದೆ. ಶಾಸನಗಳಲ್ಲಿ ಅವುಗಳ ಹೆಸರಿಲ್ಲ. ಆದರೆ ಈ ನಾಡಿನ ಯಾವ ಕನ್ನಡ ಗುರುವಿನ ಜೀವನವನ್ನು ಮೂಲದವರೆಗೆ ಹುಡುಕಿಕೊಂಡು ಹೋದರೂ, ಕೊನೆಗೆ ಸಿಕ್ಕುವುದು ಸಂಜೆಯ ಹೊತ್ತು ಮೊಣಕಾಲೂರಿದ ಒಂದು ಮನೆಯೇ.